ರಾಣಿ ಕೂತಳೆಂದರೆ ಅಲ್ಲೇನೋ ಇದೆ

ದೊಡ್ಡವರು ಊರಿಗೆ ಬಂದಾಗ ಜನ ನೋಡುವುದು ಕಪ್ಪು ಕನ್ನಡಕ ಹಾಕಿಕೊಂಡು ಕಾರಿನ ಪಕ್ಕ ಓಡುವವರನ್ನು. ನಾನು ಕಂಡ ವಿಐಪಿ ಭದ್ರತೆಯೆಲ್ಲ ವೇದಿಕೆಯ ಅಡಿಯಲ್ಲಿ, ಮೊಳಕಾಲೂರಿ, ಟಾರ್ಚ್ ಹಿಡಿದು ಕಂಡದ್ದು. ಬಳ್ಳಾರಿ ಡಿಎಆರ್‌ನ (ಜಿಲ್ಲಾ ಸಶಸ್ತ್ರ ಮೀಸಲು ಪೊಲೀಸ್ ಪಡೆಯ) ಶ್ವಾನದಳದಲ್ಲಿ ಹನ್ನೊಂದು ವರ್ಷ ಇದ್ದೆ. ಅದರಲ್ಲಿ ಎಂಟು ವರ್ಷ ನನ್ನ ಜೋಡಿ ರಾಣಿ, ಕಪ್ಪು ಲ್ಯಾಬ್ರಡಾರ್.

ನಾಯಿಗೂ ನನಗೂ ತರಬೇತಿ ಬೆಂಗಳೂರಿನ ಆಡುಗೋಡಿಯಲ್ಲಿ ಒಟ್ಟಿಗೇ ಆಯಿತು. ಕಳ್ಳರನ್ನು ಹಿಡಿಯುವ ನಾಯಿ ಬೊಗಳಬಹುದು, ಎಳೆದಾಡಬಹುದು. ಸ್ಫೋಟಕ ಹುಡುಕುವ ನಾಯಿ ಹಾಗೆ ಮಾಡುವಂತಿಲ್ಲ. ವಾಸನೆ ಸಿಕ್ಕಿತೋ, ಅಲ್ಲೇ ಸದ್ದಿಲ್ಲದೆ ಕೂತು ನನ್ನ ಮುಖ ನೋಡಬೇಕು. ಪಂಜದಲ್ಲಿ ಕೆರೆದರೆ ನಾಯಿಯೂ ಇಲ್ಲ, ನಾನೂ ಇಲ್ಲ. ಸರಿಯಾಗಿ ಕೂತರೆ ಅದಕ್ಕೆ ಸಿಗುವ ಸಂಬಳ ಒಂದು ರಬ್ಬರ್ ಚೆಂಡು.

ಪ್ರಧಾನಿ, ರಾಷ್ಟ್ರಪತಿ ಬರುವುದಾದರೆ ಎಲ್ಲವೂ ಬ್ಲೂ ಬುಕ್ ಎಂಬ ಭದ್ರತಾ ನಿಯಮಗಳ ಪುಸ್ತಕದ ಪ್ರಕಾರ. ಆ ಪುಸ್ತಕವನ್ನು ನಾನು ಕಣ್ಣಾರೆ ಕಂಡವನಲ್ಲ. ನಮ್ಮ ಮಟ್ಟಕ್ಕೆ ಇಳಿಯುತ್ತಿದ್ದದ್ದು ಬಂದೋಬಸ್ತ್ ಆದೇಶದ ಜೆರಾಕ್ಸ್ ಮಾತ್ರ. ಪ್ರಧಾನಿಯಾದರೆ ಕೆಲವು ದಿನ ಮೊದಲೇ ಅವರ ರಕ್ಷಣೆಯ ವಿಶೇಷ ದಳವಾದ ಎಸ್‌ಪಿಜಿಯವರು ಬಂದು ಡಿಸಿ, ಎಸ್‌ಪಿ, ಲೋಕೋಪಯೋಗಿ, ಜೆಸ್ಕಾಂ, ಅಗ್ನಿಶಾಮಕ, ಆರೋಗ್ಯ ಇಲಾಖೆ ಎಲ್ಲರನ್ನೂ ಕೂರಿಸಿಕೊಳ್ಳುತ್ತಾರೆ. ವೇದಿಕೆ ಎಷ್ಟು ಭಾರ ತಡೆಯುತ್ತದೆ ಎಂದು ಇಂಜಿನಿಯರ್ ಬರೆದುಕೊಡಬೇಕು. ಆಂಬುಲೆನ್ಸಿನಲ್ಲಿ ಪ್ರಧಾನಿಯವರ ಗುಂಪಿನ ರಕ್ತ ಇರಬೇಕು. ಹೆಲಿಪ್ಯಾಡಿಗೆ ಟ್ಯಾಂಕರ್ ನೀರು ಹೊಡೆಸುವುದೂ ಆ ಸಭೆಯಲ್ಲೇ ನಿರ್ಧಾರ. ನೀರು ಕಡಿಮೆಯಾದರೆ ಧೂಳು, ಹೆಚ್ಚಾದರೆ ನಮ್ಮ ಎರೆ ನೆಲ ಹಲ್ವಾ.

ನಮ್ಮ ಪಾಲಿಗೆ ಎಎಸ್‌ಸಿ, ಅಂದರೆ ಆಂಟಿ ಸಬೊಟಾಜ್ ಚೆಕ್, ಎಲ್ಲಾದರೂ ಬಾಂಬು ಅಡಗಿಸಿದ್ದಾರೆಯೇ ಎಂಬ ತಪಾಸಣೆ. ಸೋಫಾದ ಹೊಟ್ಟೆ, ಮೈಕಿನ ಪೀಠ, ಹೂಕುಂಡದ ಮಣ್ಣು, ಜನರೇಟರ್, ಶೌಚಾಲಯದ ಟ್ಯಾಂಕು, ಕಾರಿನ ಅಡಿ, ಎಲ್ಲವೂ. ನಾಯಿ ಒಂದು ಸುತ್ತು, ಯಂತ್ರ ಒಂದು ಸುತ್ತು, ಕೈ ಒಂದು ಸುತ್ತು. ಯಂತ್ರದ ಕಥೆ ನಮ್ಮ ಕಡೆ ಬೇರೆಯೇ. ಸಂಡೂರು, ತೋರಣಗಲ್ಲು ಭಾಗದಲ್ಲಿ ಅದಿರಿನ ಧೂಳು ಕಲೆತ ಕೆಂಪು ನೆಲದ ಮೇಲೆ ಡೀಪ್ ಸರ್ಚ್ ಮೆಟಲ್ ಡಿಟೆಕ್ಟರ್ ಇಟ್ಟರೆ ಅದು ಸುಮ್ಮನಿರುವುದೇ ಇಲ್ಲ. ಜೊತೆಗೆ ಹಳೇ ಶಾಮಿಯಾನದ ಮೊಳೆ, ಸೋಡಾ ಬಾಟಲಿಯ ಮುಚ್ಚಳ. ಅಂಥಲ್ಲಿ ನನಗೆ ಯಂತ್ರಕ್ಕಿಂತ ಮೂಗಿನ ಮೇಲೇ ನಂಬಿಕೆ.

ಮೂಗಿಗೂ ಮಿತಿ ಇದೆ. ಬಾಯಿ ತೆರೆದು ಏದುಸಿರು ಬಿಡುವ ನಾಯಿ ಸರಿಯಾಗಿ ವಾಸನೆ ಹಿಡಿಯಲಾರದು. ಏಪ್ರಿಲ್, ಮೇ ತಿಂಗಳಲ್ಲಿ ಬಂದೋಬಸ್ತಿಗೆಂದು ರಾಯಚೂರಿಗೆ ಹೋದಾಗ ಬೆಳಿಗ್ಗೆ ಐದಕ್ಕೆ ಶುರು ಮಾಡಿ ಎಂಟರೊಳಗೆ ಮುಗಿಸುತ್ತಿದ್ದೆ. ಇಪ್ಪತ್ತು ನಿಮಿಷ ಕೆಲಸ, ಆಮೇಲೆ ಜೀಪಿನ ನೆರಳು, ನೀರು, ಮತ್ತೆ ಇಪ್ಪತ್ತು ನಿಮಿಷ. 'ಎಷ್ಟೊತ್ರೀ ಅದನ್ನ ಮಲಗಸ್ತೀರಿ' ಎಂದು ಕೇಳದ ಅಧಿಕಾರಿಯೇ ಇಲ್ಲ.

ಒಮ್ಮೆ ಸಂಡೂರು ಕಡೆ ಮುಖ್ಯಮಂತ್ರಿಯವರ ಸಭೆ. ಸಾರ್ವಜನಿಕರ ಗೇಟಿನ ಹತ್ತಿರ ಪೊಲೀಸರು ಒಳಗೆ ಬಿಡದ ಚೀಲಗಳನ್ನೆಲ್ಲ ಸಾಲಾಗಿ ಇಡಿಸಿದ್ದರು. ರಾಣಿ ಒಂದೊಂದನ್ನೇ ಮೂಸುತ್ತ ಹೋಗಿ ಒಂಬತ್ತನೆಯದರ ಮುಂದೆ ಕೂತಳು. ಹಳದಿ ಬಟ್ಟೆ ಚೀಲ, ಮೇಲೆ ಯಾವುದೋ ಜವಳಿ ಅಂಗಡಿಯ ಹೆಸರು ಮಾಸಿತ್ತು. ನಾನು ಅವಳನ್ನು ಹಿಂದಕ್ಕೆ ಕರೆದು, ಇನ್ನೊಂದು ಬದಿಯಿಂದ ತಂದೆ. ಮತ್ತೆ ಅಲ್ಲೇ ಕೂತಳು. ಬೆನ್ನಿನ ಮೇಲೆ ಬೆವರು ಇಳಿದದ್ದು ಈಗಲೂ ನೆನಪಿದೆ. ಅಂಥ ಹೊತ್ತಿನಲ್ಲಿ ವಾಕಿಟಾಕಿ ಒತ್ತಬಾರದು, ಚೀಲ ಮುಟ್ಟಬಾರದು. ಕೈಸನ್ನೆ ಮಾಡಿ ಜನರನ್ನು ದೂರ ಸರಿಸಿ, ಬಾಂಬ್ ನಿಷ್ಕ್ರಿಯ ದಳದವರನ್ನು ಕರೆಸಿದೆವು.

ಅಷ್ಟರಲ್ಲಿ ಒಬ್ಬ ಗುಂಪು ಸೀಳಿಕೊಂಡು ಬಂದ. 'ಅದು ನಂದ್ರೀ ಸರ, ರೊಟ್ಟಿ ಐತ್ರಿ ಅದರಾಗ.' ದಳದವರು ಅವನನ್ನು ದೂರ ನಿಲ್ಲಿಸಿಯೇ ಚೀಲ ಬಿಚ್ಚಿದರು. ರೊಟ್ಟಿಯೇ ಇತ್ತು, ಶೇಂಗಾ ಚಟ್ನಿಯೂ. ಅದರ ಕೆಳಗೆ ಮಡಚಿಟ್ಟ ಒಂದು ಕೊಳೆ ಅಂಗಿ. ಅವನು ಗಣಿಯಲ್ಲಿ ಬ್ಲಾಸ್ಟಿಂಗ್ ಕೆಲಸದವನು, ಪಾಳಿ ಮುಗಿಸಿ ನೆಟ್ಟಗೆ ಸಭೆಗೆ ಬಂದಿದ್ದ. ಅಂಗಿಗೆ ಹತ್ತಿದ ಮದ್ದಿನ ವಾಸನೆ ಸಾಕಾಗಿತ್ತು. ಸುತ್ತ ನಿಂತವರು ನಕ್ಕರು. ನಾನು ಜೇಬಿನಿಂದ ಚೆಂಡು ತೆಗೆದು ಕೊಟ್ಟೆ. ಅವಳು ತಪ್ಪು ಮಾಡಿರಲಿಲ್ಲವಲ್ಲ.

ತಪ್ಪು ಮಾಡಿದ್ದು ನಾನು, ಇನ್ನೊಂದು ಸಲ, ಬಳ್ಳಾರಿಯಲ್ಲೇ. ತಪಾಸಣೆ ಮುಗಿದ ಜಾಗವನ್ನು ನಾವು 'ಸ್ಯಾನಿಟೈಸ್ ಆಯಿತು' ಎಂದು ಬರೆದು ಪಹರೆಗೆ ಒಪ್ಪಿಸುತ್ತೇವೆ (ಕೊರೊನಾ ಬರುವ ಮೊದಲೇ ನಮಗೆ ಆ ಪದ ರೂಢಿ). ಆಮೇಲೆ ಹುಲ್ಲುಕಡ್ಡಿಯೂ ಒಳಗೆ ಹೋಗಬಾರದು. ನಾನು ಸಹಿ ಹಾಕಿ ಮಿರ್ಚಿ ಮಂಡಕ್ಕಿ ಮುಂದಿಟ್ಟುಕೊಂಡು ಕೂತಿದ್ದಾಗ ಶಾಮಿಯಾನದ ಹುಡುಗರು ಎರಡು ಏರ್ ಕೂಲರ್ ತಂದರು. ಮೂರು ದಿನದಿಂದ ಅಲ್ಲೇ ದುಡಿಯುತ್ತಿದ್ದವರು, ಒಬ್ಬ ನಮ್ಮ ಓಣಿಯವನೇ. 'ಬಿಡ್ರಿ, ನಮ್ಮ ಹುಡುಗ್ರು' ಎಂದು ಪಹರೆಯವನಿಗೆ ನಾನೇ ಹೇಳಿದೆ. ವೇದಿಕೆಯ ಮೇಲೆ ಕೂಲರ್ ತಿರುಗುವುದನ್ನು ಭದ್ರತಾ ಅಧಿಕಾರಿ ಕಂಡರು. ಮಂತ್ರಿಗಳು ಬರಲು ನಲವತ್ತು ನಿಮಿಷ ಇತ್ತು. ಇಡೀ ವೇದಿಕೆ ಮತ್ತೆ ಮೊದಲಿನಿಂದ. ಬೈಸಿಕೊಂಡದ್ದನ್ನು ಇಲ್ಲಿ ಬರೆಯಲಾರೆ. ಸಿಕ್ಕ ಮೆಮೊ ಇನ್ನೂ ಟ್ರಂಕಿನಲ್ಲಿದೆ.

ಶ್ರೀಪೆರಂಬುದೂರಿನ ಪಾಠ ಕೇಳಿಯೂ ಹೀಗೆ ಮಾಡಿದೆ ಎಂಬುದೇ ನನಗೆ ನಾಚಿಕೆ. 1991ರ ಮೇ 21ರಂದು ಅಲ್ಲಿ ರಾಜೀವ್ ಗಾಂಧಿಯವರ ಜೊತೆ ಸತ್ತ ಛಾಯಾಗ್ರಾಹಕನ ಕ್ಯಾಮೆರಾದಲ್ಲಿ ಉಳಿದ ಚಿತ್ರಗಳನ್ನು ತರಬೇತಿಯಲ್ಲಿ ತೋರಿಸಿದ್ದರು. ಕೈಯಲ್ಲಿ ಹಾರ ಹಿಡಿದು ನಿಂತ ಹೆಣ್ಣುಮಗಳು, ಸೊಂಟಕ್ಕೆ ಬಾಂಬು. ಅವಳನ್ನು ಒಬ್ಬ ಮಹಿಳಾ ಪೊಲೀಸ್ ತಡೆದೂ ಇದ್ದರು, ಆದರೂ ಅವಳು ಹತ್ತಿರ ಹೋಗಿಬಿಟ್ಟಳು. ಎಸ್‌ಪಿಜಿ ಹುಟ್ಟಿದ್ದು ಅದಕ್ಕೂ ಮೊದಲೇ, 1985ರಲ್ಲಿ, ಇಂದಿರಾ ಗಾಂಧಿಯವರನ್ನು ಅವರ ಕಾವಲಿನವರೇ ಕೊಂದ ಮೇಲೆ. ಆದರೆ ಅಧಿಕಾರ ಹೋದ ಮೇಲೆ ರಾಜೀವ್ ಗಾಂಧಿಯವರಿಗೆ ಆ ರಕ್ಷಣೆ ಇರಲಿಲ್ಲ. ಆಮೇಲೆ ಕಾಯ್ದೆ ತಿದ್ದಿ ಮಾಜಿಗಳನ್ನೂ ಸೇರಿಸಿದರು. 2019ರಲ್ಲಿ ಮತ್ತೆ ತಿದ್ದಿದ್ದರಿಂದ ಈಗ ಎಸ್‌ಪಿಜಿ ಹಾಲಿ ಪ್ರಧಾನಿ ಮತ್ತು ಅವರ ಮನೆಯಲ್ಲಿ ಜೊತೆಗಿರುವ ಹತ್ತಿರದ ಕುಟುಂಬಕ್ಕೆ, ಮಾಜಿ ಪ್ರಧಾನಿಗೆ ಐದು ವರ್ಷ, ಅಷ್ಟೆ. ಉಳಿದವರಿಗೆಲ್ಲ ಝಡ್ ಪ್ಲಸ್, ಝಡ್, ವೈ, ಎಕ್ಸ್ ಎಂಬ ಶ್ರೇಣಿ. ಅದು ಬೆದರಿಕೆ ನೋಡಿ ಕೊಡುವಂಥದ್ದು. ಆದರೂ ನಮ್ಮ ಕಡೆ ಗನ್‌ಮ್ಯಾನ್ ಇಲ್ಲದಿದ್ದರೆ ಲೀಡರ್ ಅಂತ ಯಾರೂ ಅನ್ನುವುದಿಲ್ಲ ಎಂದು ಕೊರಗುವವರನ್ನು ನಾನು ಕಂಡಿದ್ದೇನೆ.

ಕೊನೆಯ ವರ್ಷಗಳಲ್ಲಿ ನಮಗೆ ಅಂಟಿದ ಹೊಸ ಪೀಡೆ ಸೇಬಿನ ಹಾರ. ಕ್ರೇನಿಗೆ ನೇತುಹಾಕಿ ತರುವ ಆಳೆತ್ತರಕ್ಕೂ ಮೀರಿದ ಹಾರ, ನೂರಾರು ಸೇಬು, ಒಳಗೆ ಹುಲ್ಲು, ತಂತಿ, ಬಿದಿರು. ಹೂವಿನ ಹಾರವನ್ನು ಕೈಯಲ್ಲಿ ಹಿಂಡಿ ನೋಡಬಹುದು, ಇದನ್ನು ಏನು ಮಾಡುತ್ತೀರಿ? ಕೊಪ್ಪಳದ ಒಂದು ರೋಡ್ ಶೋದಲ್ಲಿ ಕ್ರೇನನ್ನು ಅರ್ಧ ಕಿಲೋಮೀಟರ್ ಹಿಂದೆಯೇ ನಿಲ್ಲಿಸಿ, ಹಾರವನ್ನು ನೆಲಕ್ಕೆ ಇಳಿಸಿ, ರಾಣಿಯನ್ನು ಸುತ್ತಲೂ ಎರಡು ಸಲ ನಡೆಸಿದೆ. ಕಾರ್ಯಕರ್ತರು 'ನಾಯಿ ಎಂಜಲು ಮಾಡಿಬಿಟ್ರಿ' ಎಂದು ಜಗಳಕ್ಕೇ ಬಂದರು. ಅವಳು ಒಂದು ಸೇಬಿಗೂ ಬಾಯಿ ಹಾಕಿರಲಿಲ್ಲ. ಡ್ಯೂಟಿಯಲ್ಲಿ ನನ್ನ ಕೈಯಿಂದಲ್ಲದೆ ಏನನ್ನೂ ತಿನ್ನುವ ನಾಯಿಯಲ್ಲ ಅದು. ನಾಯಕರು ಹಾರಕ್ಕೆ ಕೈ ಮುಟ್ಟಿಸಿ ಮುಂದೆ ಹೋದರು. ಅವರ ಕಾರು ತಿರುವು ದಾಟುವುದರೊಳಗೆ ಜನ ಹಾರಕ್ಕೆ ಮುಗಿಬಿದ್ದು ಸೇಬು ಕಿತ್ತುಕೊಳ್ಳುತ್ತಿದ್ದರು, ಎಂಜಲಿನ ಮಾತು ಯಾರಿಗೂ ನೆನಪಿರಲಿಲ್ಲ.