ಕಾಲು ಬೆಚ್ಚಗಿದ್ದರೆ ವಿನ್ನಿಪೆಗ್ಗೂ ಸೈ

ಹೋದ ಜನವರಿಯ ಒಂದು ಬೆಳಿಗ್ಗೆ ನಮ್ಮ ಬಸ್ ನಿಲ್ದಾಣದಲ್ಲಿ ಒಬ್ಬ ಹುಡುಗ ಕುಣಿಯುತ್ತಿದ್ದ. ಮೈಮೇಲೆ ಹಾಸಿಗೆಯಷ್ಟು ದಪ್ಪದ ಜಾಕೆಟ್, ಕಾಲಿಗೆ ಮಾತ್ರ ಊರಿಂದ ತಂದ ಸ್ಪೋರ್ಟ್ಸ್ ಶೂ. ಫೋನಿನಲ್ಲಿ "ಅಷ್ಟೇನೂ ಚಳಿ ಇಲ್ಲಮ್ಮ" ಅನ್ನುತ್ತಿದ್ದದ್ದು ಕಿವಿಗೆ ಬಿದ್ದು ಮಾತಾಡಿಸಿದೆ. ದಾವಣಗೆರೆಯವನು, ಬಂದು ಮೂರು ವಾರ. "ಮೂರು ಸಾಕ್ಸ್ ಹಾಕಿದೀನಿ ಅಕ್ಕಾ, ಆದ್ರೂ ಬೆರಳು ಇದಾವೋ ಇಲ್ವೋ ಗೊತ್ತಾಗ್ತಿಲ್ಲ" ಅಂದ. "ಮೂರು ಹಾಕಿದ್ದಕ್ಕೇ ಕಣಪ್ಪ ಹಿಂಗಾಗಿರೋದು" ಅಂದರೆ ನಂಬಲಿಲ್ಲ.

ಕೆನಡಾದ ವಿನ್ನಿಪೆಗ್‌ನಲ್ಲಿ ನನ್ನದು 11 ಚಳಿಗಾಲ ಆಯಿತು. ಹೊಸಬರು ಎಡವುವುದು ಪ್ರತಿ ವರ್ಷ ಅದೇ ಜಾಗದಲ್ಲಿ. ಇದ್ದಬದ್ದ ದುಡ್ಡನ್ನೆಲ್ಲ ಜಾಕೆಟ್‌ಗೆ ಸುರಿದು, ಉಳಿದ ಚಿಲ್ಲರೆಯಲ್ಲಿ ಬೂಟು ಕೊಳ್ಳುತ್ತಾರೆ. ಲೆಕ್ಕ ತಿರುವುಮುರುವಾಗಬೇಕು.

1. ಹೊರಡುವ ಮುಂಚೆ ಅಂಕಿ ನೋಡಿ

ತಾಪಮಾನ ಒಂದೇ ನೋಡಿದರೆ ಸಾಲದು, ವಿಂಡ್ ಚಿಲ್, ಅಂದರೆ ಗಾಳಿ ಸೇರಿ ಮೈಗೆ ತಟ್ಟುವ ಚಳಿ, ನೋಡಿ. ಮೈನಸ್ 20 ಡಿಗ್ರಿ ಇದ್ದು ಗಂಟೆಗೆ 30 ಕಿ.ಮೀ. ಗಾಳಿ ಬೀಸಿದರೆ ಚರ್ಮಕ್ಕೆ ಅದು ಮೈನಸ್ 33. ಈ ವಿಂಡ್ ಚಿಲ್ ಮೈನಸ್ 28 ದಾಟಿದರೆ ತೆರೆದ ಚರ್ಮ 10ರಿಂದ 30 ನಿಮಿಷದಲ್ಲಿ ಮರಗಟ್ಟಬಹುದು. ಮೈನಸ್ 40 ದಾಟಿದರೆ 5ರಿಂದ 10 ನಿಮಿಷ ಸಾಕು. ಬಸ್ಸು ತಡವಾಗಿ ಬರುವುದು ಸರಿಯಾಗಿ ಅಂಥ ದಿನವೇ.

2. ಮೈಗೆ ಪದರ

ಇದು ಸುಲಭ: ಮೈಗಂಟುವ ಥರ್ಮಲ್, ಅದರ ಮೇಲೆ ಫ್ಲೀಸ್ ಅಥವಾ ಸ್ವೆಟರ್, ಎಲ್ಲಕ್ಕಿಂತ ಮೇಲೆ ಗಾಳಿ ತೂರದ, ಸೊಂಟದ ಕೆಳಗಿಳಿಯುವ ಜಾಕೆಟ್. ಒಳಗೆ ಹತ್ತಿ ಬನಿಯನ್ ಮಾತ್ರ ಬೇಡವೇ ಬೇಡ. ಹತ್ತಿ ಬೆವರು ಕುಡಿದು ಒದ್ದೆ ಬಟ್ಟೆಯ ಹಾಗೆ ಬೆನ್ನಿಗೆ ಅಂಟಿಕೊಳ್ಳುತ್ತದೆ, ಅಲ್ಲಿಂದಲೇ ನಡುಕ ಶುರು. ಮಲೆನಾಡಿನಲ್ಲಿ ಜಡಿಮಳೆಗೆ ಕಂಬಳಿ ಕೊಪ್ಪೆ ಹಾಕಿ ಗದ್ದೆಗೆ ಇಳಿಯುತ್ತಿದ್ದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಉಣ್ಣೆ ನೆನೆದರೂ ಒಂದಷ್ಟು ಬೆಚ್ಚಗಿಡುತ್ತದೆ. ಥರ್ಮಲ್ ಕೊಳ್ಳುವಾಗ ಚೀಟಿ ಓದಿ, ಉಣ್ಣೆ ಅಥವಾ ಪಾಲಿಯೆಸ್ಟರ್ ಇರಲಿ. ಊರಿನ ಲೆದರ್ ಜಾಕೆಟ್ ಫೋಟೋಗೆ ಚೆಂದ, ಅಷ್ಟೇ.

3. ಕಾಲು

ಇಲ್ಲಿ ಸ್ವಲ್ಪ ನಿಧಾನಿಸೋಣ.

ನಮ್ಮನ್ನು ಬೆಚ್ಚಗಿಡುವುದು ಬಟ್ಟೆಗಿಂತ ಹೆಚ್ಚಾಗಿ ಅದರೊಳಗೆ ಸಿಕ್ಕಿಕೊಂಡ ಗಾಳಿ. ಬಿಗಿ ಶೂನೊಳಗೆ ಮೂರು ಸಾಕ್ಸ್ ತುರುಕಿದರೆ ಆ ಗಾಳಿಗೂ ಜಾಗವಿಲ್ಲ, ಬೆರಳಿಗೆ ರಕ್ತ ಹರಿಯುವುದೂ ಕಷ್ಟ. ಒಂದೇ ಒಂದು ದಪ್ಪ ಉಣ್ಣೆ ಸಾಕ್ಸ್ ಸಾಕು. ಅಂಗಡಿಗೆ ಹೋಗುವಾಗ ಅದನ್ನೇ ಹಾಕಿಕೊಂಡು ಹೋಗಿ, ಅದೂ ಸಂಜೆ ಹೊತ್ತು; ದಿನವಿಡೀ ಓಡಾಡಿದ ಕಾಲು ಸ್ವಲ್ಪ ಊದಿರುತ್ತದೆ. ನಿಮ್ಮ ಅಳತೆಗಿಂತ ಅರ್ಧದಿಂದ ಒಂದು ಸೈಜ್ ದೊಡ್ಡದು ಹಾಕಿ ನಿಂತು ಬೆರಳು ಆಡಿಸಿ. ಐದೂ ಬೆರಳು ಹಾರ್ಮೋನಿಯಂ ಮೇಲೆ ಆಡಿದ ಹಾಗೆ ಆಡಬೇಕು. ಆಡದಿದ್ದರೆ ಎಷ್ಟು ಚೆಂದದ ಬೂಟಾದರೂ ವಾಪಸ್ ಇಡಿ.

ಚಳಿ ಮೇಲಿಂದ ಬರುವುದಕ್ಕಿಂತ ನೆಲದಿಂದ ಏರುತ್ತದೆ. ಹಾಗಾಗಿ ಅಡಿ ದಪ್ಪಗಿರಬೇಕು, ಒಳಗೆ ಫೆಲ್ಟ್ (ಒತ್ತಿ ಮಾಡಿದ ಉಣ್ಣೆ) ಇನ್‌ಸೋಲ್ ಇರಬೇಕು. ಪೆಟ್ಟಿಗೆಯ ಮೇಲೆ ಬರೆದ "ಮೈನಸ್ 40" ನೋಡಿ ಮರುಳಾಗಬೇಡಿ. ನಾನು ಮೊದಲ ವರ್ಷ ಹಾಗೆ ಬರೆದಿದ್ದ ಅಗ್ಗದ ಬೂಟು ಕೊಂಡು, ಮೈನಸ್ 25ಕ್ಕೇ ಔಷಧಿ ಅಂಗಡಿಯೊಂದಕ್ಕೆ ನುಗ್ಗಿ ಏನೂ ಕೊಳ್ಳದೆ ಇಪ್ಪತ್ತು ನಿಮಿಷ ಶಾಂಪೂ ಬಾಟಲಿ ಓದುತ್ತ ನಿಂತಿದ್ದೆ. ಅಟ್ಟೆಯನ್ನು ಉಗುರಿನಿಂದ ಒತ್ತಿ ನೋಡಿ: ಸ್ವಲ್ಪ ಒಳಹೋದರೆ ಒಳ್ಳೆಯ ರಬ್ಬರ್, ಕಲ್ಲಿನಂತಿದ್ದರೆ ಮಂಜುಗಡ್ಡೆಯ ಮೇಲೆ ಜಾರುಬಂಡಿ. ಟೊರೊಂಟೊದ ಪುನರ್ವಸತಿ ಸಂಶೋಧನಾ ಸಂಸ್ಥೆಯೊಂದು ಚಳಿಗಾಲದ ಬೂಟುಗಳನ್ನು ನಿಜವಾದ ಮಂಜುಗಡ್ಡೆಯ ಇಳಿಜಾರಿನಲ್ಲಿ ಪರೀಕ್ಷಿಸಿ, ಹಿಮದ ಹರಳಿನ ಗುರುತು ಕೊಟ್ಟು 'ರೇಟ್ ಮೈ ಟ್ರೆಡ್ಸ್' ಎಂಬ ಜಾಲತಾಣದಲ್ಲಿ ಹಾಕುತ್ತದೆ. ಕೊಳ್ಳುವ ಮುಂಚೆ ಅದನ್ನು ನೋಡಿ.

ಇನ್ನು ಒಳಲೈನರ್, ಅಂದರೆ ಬೂಟಿನೊಳಗಿನ ಬೆಚ್ಚನೆಯ ಪದರ. ಕಳಚಲು ಬರುವ ಲೈನರ್ ಇರುವ ಬೂಟನ್ನೇ ಆರಿಸಿ, ರಾತ್ರಿ ಮರೆಯದೆ ಕಳಚಿ. ಒಳ್ಳೆ ಬೂಟು ಕೊಂಡವರೂ ಸೋಲುವುದು ಇಲ್ಲೇ. ಕಾಲು ಬೆವರುವುದು ನಮಗೆ ಗೊತ್ತೇ ಆಗುವುದಿಲ್ಲ. ನಿನ್ನೆಯ ಬೆವರು ಲೈನರ್‌ನಲ್ಲೇ ಉಳಿದರೆ ಇವತ್ತು ಒದ್ದೆ ಬೂಟಿಗೇ ಕಾಲಿಟ್ಟ ಹಾಗೆ, ಬಸ್ ನಿಲ್ದಾಣ ಸಿಗುವಷ್ಟರಲ್ಲಿ ತಣ್ಣಗೆ ಕೊರೆಯುತ್ತದೆ. ಲೈನರನ್ನು ಕುರ್ಚಿಯ ಬೆನ್ನಿಗೆ ನೇತುಹಾಕಿ, ಬೂಟಿನೊಳಗೆ ಹಳೆಯ ಪತ್ರಿಕೆ ಮುದುಡಿ ತುಂಬಿ. ಹೀಟರ್ ಮೇಲೆ ಮಾತ್ರ ಇಡಬೇಡಿ, ಅಂಟು ಬಿಟ್ಟು ಅಟ್ಟೆ ಬಾಯ್ತೆರೆಯುತ್ತದೆ.

ಅಂಗಡಿಯಲ್ಲಿ ಸಿಗುವ ಬಿಸಿ ಪೊಟ್ಟಣಗಳನ್ನು ಬೂಟಿಗೆ ತುರುಕುವವರಿದ್ದಾರೆ. ಅದರೊಳಗಿನ ಕಬ್ಬಿಣದ ಪುಡಿ ಗಾಳಿ ಸೋಕಿದರಷ್ಟೇ ಕಾಯುತ್ತದೆ. ಬಿಗಿ ಬೂಟಿನಲ್ಲಿ ಅದು ಬರೀ ಪುಡಿ ಪೊಟ್ಟಣ. ಕೈಗವಸಿನಲ್ಲಿ ಪರವಾಗಿಲ್ಲ. ಸಾಕ್ಸ್ ಮೇಲೆ ಪ್ಲಾಸ್ಟಿಕ್ ಕವರ್ ಸುತ್ತುವ ಉಪಾಯ ತುರ್ತಿಗೆ ಒಂದು ದಿನ ಸರಿ, ರೂಢಿ ಮಾಡಿಕೊಂಡರೆ ಕಾಲು ಬೆವರಿನಲ್ಲೇ ನೆನೆಯುತ್ತದೆ.

ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು: ಕಾಲುಂಗುರ. ಬಿಗಿಯಾಗಿದ್ದರೆ ಬೆರಳನ್ನು ಒತ್ತುತ್ತದೆ, ಬೆರಳು ಊದಿಕೊಂಡರೆ ತೆಗೆಯಲೂ ಬರುವುದಿಲ್ಲ. ನಾನು ನವೆಂಬರಿನಲ್ಲಿ ಡಬ್ಬಿಗೆ ಹಾಕಿ ಯುಗಾದಿಗೆ ತೆಗೆಯುತ್ತೇನೆ. ಅತ್ತೆಯವರಿಗೆ ವಿಡಿಯೋ ಕಾಲ್‌ನಲ್ಲಿ ಕಾಲು ಕಾಣಿಸುವುದಿಲ್ಲ.

4. ಕೈ, ತಲೆ, ಮುಖ

ಬೆರಳು ಬೇರೆ ಬೇರೆ ಇರುವ ಗ್ಲೌಸ್‌ಗಿಂತ ನಾಲ್ಕೂ ಬೆರಳು ಒಟ್ಟಿಗಿರುವ ಮಿಟನ್ ಬೆಚ್ಚಗೆ. ತಲೆಗೆ ಟೋಪಿ, ಇಲ್ಲಿಯವರು ಟೂಕ್ ಅನ್ನುತ್ತಾರೆ. ಅಜ್ಜ ಕೊಟ್ಟ ಮಂಕಿ ಕ್ಯಾಪ್ ಇದ್ದರೆ ನಾಚಿಕೆ ಬಿಟ್ಟು ಹಾಕಿ. ಕುತ್ತಿಗೆ ಪಟ್ಟಿಯನ್ನು ಮೂಗಿನ ತನಕ ಏರಿಸಿ, ಲೋಹದ ಮೂಗುತಿ ಅದರೊಳಗಿರಲಿ. ತಲೆಸ್ನಾನ ಹಿಂದಿನ ರಾತ್ರಿಯೇ ಮುಗಿಸಿ, ಒದ್ದೆ ಕೂದಲು ಹೊರಗೆ ಕಡ್ಡಿಯಾಗುತ್ತದೆ.

5. ಹೊರಡುವುದು, ನಡೆಯುವುದು

ಎಲ್ಲ ಹಾಕಿಕೊಂಡು ಮನೆಯೊಳಗೆ ಬೀಗದ ಕೈ ಹುಡುಕುತ್ತ ನಿಲ್ಲಬೇಡಿ, ಬೆವರಿದರೆ ಕೆಟ್ಟಿರಿ. ಬೀಗದ ಕೈ, ಬಸ್ ಕಾರ್ಡ್ ಮೊದಲು. ಜಾಕೆಟ್ ಕೊನೆಗೆ, ಬಾಗಿಲಲ್ಲಿ. ಫೋನ್ ಒಳಜೇಬಿನಲ್ಲಿರಲಿ, ಹೊರಜೇಬಿನಲ್ಲಿಟ್ಟರೆ ಚಳಿಗೆ ಚಾರ್ಜ್ ಇದ್ದೂ ಸಾಯುತ್ತದೆ. ಮಂಜುಗಡ್ಡೆಯ ಮೇಲೆ ಹೆಜ್ಜೆ ಚಿಕ್ಕದು, ಅಂಗಾಲು ಪೂರ್ತಿ ಊರಿ. ಗದ್ದೆ ಬದುವಿನ ಮೇಲೆ ನಡೆದವರಿಗೆ ಕಲಿಸಬೇಕಿಲ್ಲ. ಕೈ ಜೇಬಿನಿಂದ ಹೊರಗಿರಲಿ.

ಬೆರಳೋ ಕೆನ್ನೆಯೋ ಬಿಳುಪಾಗಿ ಮರಗಟ್ಟಿದರೆ ಉಜ್ಜಬೇಡಿ, ಹಿಮವನ್ನಂತೂ ಸವರಲೇಬೇಡಿ. ಒಳಗೆ ಬಂದು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ. ಮರಗಟ್ಟಿದ ಕೈಗೆ ಬಿಸಿ ತಿಳಿಯುವುದಿಲ್ಲ. ಮಗುವಿನ ಸ್ನಾನದ ನೀರಿಗೆ ಮಾಡುವಂತೆ ಬೇರೆಯವರು ಮೊಣಕೈ ಅದ್ದಿ ಹದ ನೋಡಲಿ. ಬೊಬ್ಬೆ ಎದ್ದರೆ, ಬಣ್ಣ ಮರಳದಿದ್ದರೆ ವೈದ್ಯರ ಬಳಿ ಹೋಗಿ.

6. ಮನೆಗೆ ಬಂದ ಮೇಲೆ

ಬೂಟು ಬಾಗಿಲಲ್ಲೇ ಬಿಡಿ. ರಸ್ತೆಗೆ ಸುರಿದ ಉಪ್ಪು ಬೂಟಿನ ಮೇಲೆ ಬಿಳಿ ಗೆರೆ ಎಳೆದಿರುತ್ತದೆ; ವಿನೆಗರ್ ಬೆರೆಸಿದ ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿದರೆ ಹೋಗುತ್ತದೆ.

ಜಾಕೆಟ್ ಈ ವರ್ಷ ಸೆಕೆಂಡ್ ಹ್ಯಾಂಡ್ ಅಂಗಡಿಯದೇ ಇರಲಿ. ಫೆಬ್ರವರಿ ಕೊನೆಗೆ ಹೊಸದರ ಬೆಲೆ ಇಳಿಯುತ್ತದೆ, ಆಗ ನೋಡಿಕೊಂಡರಾಯಿತು. ಹಳೇ ಬೂಟು ಮಾತ್ರ ಕೊಳ್ಳಬೇಡಿ, ಅದು ಬೇರೆಯವರ ಪಾದಕ್ಕೆ ಒಗ್ಗಿ ಕೂತಿರುತ್ತದೆ.