ದೀಪ ಬಿಟ್ಟು ಬೆಲ್ಲದ ಪಾಕ ಹಿಡಿದ ನನ್ನ ಅನುಭವ

ಮಂಡ್ಯದ ನಾಲೆಯಂಚಿನ ಹಳ್ಳಿಗಳಲ್ಲಿ ಮಕ್ಕಳಿಗೆ ರಾತ್ರಿಯ ಪತಂಗಗಳನ್ನು ತೋರಿಸುವುದಕ್ಕೆ ಬಿಳಿ ಪರದೆಯೂ ಬೇಡ, ಪ್ರಖರ ದೀಪವೂ ಬೇಡ, ಮರಕ್ಕೆ ಬಳಿದ ಬೆಲ್ಲದ ಪಾಕವೇ ಸಾಕು ಎಂದು ನಾನು ಹೇಳಿದಾಗ ನಕ್ಕವರು ಕಳೆದ ಮಳೆಗಾಲದಿಂದ ನನ್ನಲ್ಲೇ ಪಾಕದ ಅಳತೆ ಕೇಳುತ್ತಿದ್ದಾರೆ.

ದೀಪದ ಬೆಳಕು ಬಿದ್ದ ಪರದೆಗೆ ಪತಂಗಗಳು ಬಂದು ಕೂರುತ್ತವೆಂದು ನಾನೂ ಅದಕ್ಕೆ ಸಾಕಷ್ಟು ಹಣ ಸುರಿದಿದ್ದೇನೆ. ಎಲ್‌ಇಡಿ ಬಲ್ಬುಗಳಲ್ಲಿ ಪತಂಗಗಳನ್ನು ಸೆಳೆಯುವ ಅತಿನೇರಳೆ ಕಿರಣ ತೀರಾ ಕಡಿಮೆಯಾದ್ದರಿಂದ ಪಾದರಸದ ದೀಪ, ಚೋಕ್, ಬಾಡಿಗೆ ಜನರೇಟರ್ ಎಂದು ಸುಮಾರು 6,000 ರೂಪಾಯಿ ಹೋಯಿತು. ಭತ್ತದ ಗದ್ದೆಯ ಬದಿಯಲ್ಲಿ ಅದನ್ನು ಹಚ್ಚಿದರೆ ಪತಂಗಗಳಿಗಿಂತ ಮೊದಲು ಕಂದು ಜಿಗಿಹುಳುಗಳು ಪರದೆ ತುಂಬುತ್ತಿದ್ದವು. ಅವುಗಳೊಡನೆ ಪೀಡರಸ್ ಎಂಬ ಕಿತ್ತಳೆ-ಕಪ್ಪು ಬಣ್ಣದ ಪುಟ್ಟ ದುಂಬಿಯೂ ಬರುತ್ತಿತ್ತು. ಅದು ಕಚ್ಚುವುದಿಲ್ಲ, ಆದರೆ ಚರ್ಮದ ಮೇಲೆ ಅಪ್ಪಚ್ಚಿಯಾದರೆ ಒಂದೆರಡು ದಿನಗಳಲ್ಲಿ ಸುಟ್ಟಂತೆ ಬೊಬ್ಬೆ ಏಳುತ್ತದೆ. ಇಬ್ಬರು ಮಕ್ಕಳ ಕುತ್ತಿಗೆಯಲ್ಲಿ ಹಾಗಾದ ಮೇಲೆ ಪೋಷಕರು ರಾತ್ರಿ ಶಿಬಿರವನ್ನೇ ನಿಲ್ಲಿಸಿದರು.

ಪಾಕವೂ ಮೊದಲ ಸಲಕ್ಕೇ ಒಲಿಯಲಿಲ್ಲ. ಅಗ್ಗವೆಂದು ಕಾಕಂಬಿ ಬಳಿದರೆ ಅದು ಕಾಂಡದಿಂದ ಇಳಿದುಹೋಗಿ ಗೊದ್ದಗಳಿಗೆ ಹಬ್ಬವಾಯಿತು. ಆಲೆಮನೆಯ ಬೆಲ್ಲ ಒಂದು ಕಿಲೋ ಕರಗಿಸಿ, ಅದು ಆರಿದ ಮೇಲೆ, ಕಪ್ಪಾಗುವಷ್ಟು ಹಣ್ಣಾದ ನಾಲ್ಕೈದು ಬಾಳೆಹಣ್ಣು ಕಿವುಚಿ, ಹುಳಿವಾಸನೆ ಬರುವವರೆಗೆ ಮೂರು ದಿನ ಸಡಿಲವಾಗಿ ಮುಚ್ಚಿಟ್ಟಾಗ ಕೆಲಸವಾಯಿತು. ಖರ್ಚು ನೂರು ರೂಪಾಯಿಯ ಆಸುಪಾಸು. ಬಳಿಯುವ ಮುನ್ನ ಸೇರಿಸುವ ಒಂದು ಚಮಚದ ವಸ್ತುವನ್ನು ಸದ್ಯಕ್ಕೆ ನನ್ನಲ್ಲೇ ಉಳಿಸಿಕೊಳ್ಳುತ್ತೇನೆ. ಹುಣಸೆ, ಹೊಂಗೆ ಮರಗಳ ಕಾಂಡಕ್ಕೆ ಮಕ್ಕಳ ಎದೆಯೆತ್ತರದಲ್ಲಿ, ಕತ್ತಲಾಗುವ ಅರ್ಧ ಗಂಟೆ ಮೊದಲು ಬಳಿಯಬೇಕು. ತುಂತುರು ನಿಂತ ಸೆಕೆಯ ರಾತ್ರಿಯಾದರೆ ಏಳೂವರೆಯ ಹೊತ್ತಿಗೆ ಒಂದೊಂದು ಮರಕ್ಕೆ ಹತ್ತು ಹನ್ನೆರಡು ಪತಂಗಗಳಿಗೆ ಮೋಸವಿಲ್ಲ. ಟಾರ್ಚಿಗೆ ಕೆಂಪು ಗಾಜುಕಾಗದ ಸುತ್ತಿದರೆ ಅವು ಬೆದರುವುದಿಲ್ಲ, ಸುರುಳಿ ಸೊಂಡಿಲು ಬಿಚ್ಚಿ ಹೀರುವುದನ್ನು ಗೇಣುದೂರದಿಂದ ನೋಡಬಹುದು. ಹಣ್ಣಿನ ರಸ ಹೀರುವ ದೊಡ್ಡ ಪತಂಗ ತನ್ನ ಕಿತ್ತಳೆ ಹಿಂರೆಕ್ಕೆ ತೋರಿಸಿದ ರಾತ್ರಿ ಮಕ್ಕಳನ್ನು ಮನೆಗೆ ಹೊರಡಿಸುವುದೇ ಕಷ್ಟವಾಯಿತು.

ರೇಷ್ಮೆ ಸಾಕುವ ಮನೆಯ ಹುಡುಗಿಯೊಬ್ಬಳು ಗೂಡಿನಿಂದ ಹೊರಬಂದ ಚಿಟ್ಟೆಯನ್ನು ತಂದು ಪಾಕದ ಪಕ್ಕದಲ್ಲೇ ಕೂರಿಸಿದಳು. ಬೆಳೆದ ರೇಷ್ಮೆ ಪತಂಗ ಏನನ್ನೂ ತಿನ್ನದಾದ್ದರಿಂದ ಅದು ಅತ್ತ ತಿರುಗಲೂ ಇಲ್ಲ. ಅದರ ದೊಡ್ಡ ಕಾಡುಬಂಧುಗಳೂ ಹಾಗೆಯೇ. ಅವುಗಳನ್ನೇ ನೋಡಬೇಕೆನ್ನುವವರು ಗದ್ದೆಯಿಂದ ದೂರದ ಗುಡ್ಡದ ಬದಿಯಲ್ಲಿ ದೀಪವನ್ನೇ ಹಚ್ಚಬೇಕು.