ಕಾಣಕೋಣದ ಗ್ರಾನೈಟು ಯಾವಾಗ ತಣಿಯಿತು?

ದಕ್ಷಿಣ ಗೋವಾದ ಕಾಣಕೋಣದಲ್ಲಿರುವ ಪಾಲೋಳೆಂ ಬೀಚಿನ ಬಂಡೆಗಳು ನೋಡೋಕೆ ಚೆಂದ, ನನ್ನ ಕೆಲಸಕ್ಕೆ ಬರುವುದಿಲ್ಲ. ಉಪ್ಪುಗಾಳಿಗೆ ಸವೆದಿರುತ್ತವೆ. ಹಾಗಾಗಿ ಅದೇ ಗ್ರಾನೈಟಿನ ತಾಜಾ ತುಂಡು ಹುಡುಕಿಕೊಂಡು ಕಾಣಕೋಣದ ಒಳಗಿನ ಒಂದು ಕ್ವಾರಿಗೆ ಹೋದೆ. ಅಲ್ಲಿ ಸುತ್ತಿಗೆ ಹಿಡಿದಿದ್ದವರು ನಮ್ಮ ಬಾಗಲಕೋಟೆ ಕಡೆಯವರು. "ಇದರ ವಯಸ್ಸು ಎಷ್ಟ್ರೀ ಸರ?" ಅಂದರು ಒಬ್ಬರು. ಹಳೆಯ ರುಬಿಡಿಯಂ-ಸ್ಟ್ರಾನ್ಶಿಯಂ ಲೆಕ್ಕದಲ್ಲಿ (ಕಲ್ಲಿನ ರುಬಿಡಿಯಂ ಎಷ್ಟು ಸ್ಟ್ರಾನ್ಶಿಯಂ ಆಗಿದೆ ಅಂತ ನೋಡಿ ವಯಸ್ಸು ಹೇಳುವುದು) ಸುಮಾರು 240 ಕೋಟಿ ವರ್ಷ, ಆಚೀಚೆ 39 ಕೋಟಿ ಎಂದೆ. ಆಚೀಚೆಯೇ ಅಷ್ಟಾ ಅಂತ ನಕ್ಕರು. ನಗುವಂಥದ್ದೇ ಬಿಡಿ.

ನನಗೆ ಬೇಕಿದ್ದದ್ದು ಹುಟ್ಟಿದ ದಿನ ಅಲ್ಲ, ತಣಿದ ದಾರಿ. ಕಲ್ಲು ಬಿಸಿಯಾಗಿರುವಾಗ ಪೊಟ್ಯಾಸಿಯಂನಿಂದ ಹುಟ್ಟುವ ಆರ್ಗಾನ್ ಅನಿಲ ಸೋರಿಹೋಗುತ್ತಲೇ ಇರುತ್ತದೆ. ತಣಿದ ಮೇಲಷ್ಟೇ ಹರಳಿನೊಳಗೆ ಉಳಿಯುತ್ತದೆ. ಹಾರ್ನ್‌ಬ್ಲೆಂಡ್ ಎಂಬ ಖನಿಜದಲ್ಲಿ ಇದು ಸುಮಾರು 500 ಡಿಗ್ರಿಯಲ್ಲಿ ಆಗುತ್ತದೆ, ಬಯೊಟೈಟ್ ಎಂಬ ಕಪ್ಪು ಅಭ್ರಕದಲ್ಲಿ ಸುಮಾರು 300ರಲ್ಲಿ. ಎರಡರ ವಯಸ್ಸಿನ ವ್ಯತ್ಯಾಸ ಸಿಕ್ಕರೆ ನಡುವಿನ 200 ಡಿಗ್ರಿ ಇಳಿಯಲು ಎಷ್ಟು ಕಾಲ ಹಿಡಿಯಿತು ಅಂತ ಗೊತ್ತಾಗುತ್ತದೆ.

ಕಲ್ಲು ಪುಡಿ ಮಾಡಿ, ಜರಡಿ ಹಿಡಿದು, ತೊಳೆದೆ. ಆಮೇಲೆ ಸೂಕ್ಷ್ಮದರ್ಶಕದ ಕೆಳಗೆ ಸೂಜಿಯಲ್ಲಿ ಬಯೊಟೈಟ್ ಆರಿಸುವುದು. ಅಕ್ಕಿ ಆರಿಸಿದ ಹಾಗೆಯೇ, ಕಾಳು ಮಾತ್ರ ಕೂದಲಿನ ದಪ್ಪಕ್ಕಿಂತ ಸ್ವಲ್ಪ ದೊಡ್ಡದು. ಕಪ್ಪಗೆ ಮಿರಿಮಿರಿ ಮಿಂಚುವ ಚೂರು ಈ ಕಡೆ. ಅಂಚಲ್ಲಿ ಹಸಿರು ಕಂಡರೆ ಆ ಕಡೆ. ಹಸಿರು ಎಂದರೆ ಕ್ಲೋರೈಟ್ ಎಂಬ ಬೇರೆ ಖನಿಜ ಆಗುತ್ತಿದೆ, ಪೊಟ್ಯಾಸಿಯಂ ಕಳೆದುಕೊಂಡಿದೆ. ಇಲ್ಲಿ ಸೋಮಾರಿತನ ಮಾಡಿದರೆ ಮುಂದೆ ಎಷ್ಟೇ ದುಬಾರಿ ಮೆಷಿನ್ ಇದ್ದರೂ ಸುಮ್ನೆ. ಆರಿಸಿದ್ದನ್ನು ರಿಯಾಕ್ಟರಿನ ನ್ಯೂಟ್ರಾನುಗಳಿಗೆ ಒಡ್ಡಿ, ಹಂತ ಹಂತವಾಗಿ ಬಿಸಿ ಮಾಡಿ ಅನಿಲ ಅಳೆಯುತ್ತಾರೆ. ಆ ಭಾಗ ಲ್ಯಾಬಿನವರದು.

ನನಗೆ ಜಾಸ್ತಿ ಇಷ್ಟ ಅಪಟೈಟ್, ಅದೇ ಕಲ್ಲಿನಲ್ಲಿ ಸಿಗುವ ಇನ್ನೊಂದು ಖನಿಜ. ಯುರೇನಿಯಂ ಪರಮಾಣು ತಾನಾಗಿ ಒಡೆದಾಗ ಹರಳಿನಲ್ಲಿ ಒಂದು ಗೀರು ಬೀಳುತ್ತದೆ. ಹರಳನ್ನು ನುಣುಪಾಗಿ ಉಜ್ಜಿ, 5.5 ಮೋಲಾರ್ ನೈಟ್ರಿಕ್ ಆಮ್ಲದಲ್ಲಿ 21 ಡಿಗ್ರಿಯಲ್ಲಿ 20 ಸೆಕೆಂಡು ಅದ್ದಿದರೆ ಗೀರುಗಳು ಸಣ್ಣ ಕಪ್ಪು ಕಡ್ಡಿಗಳಂತೆ ಎದ್ದು ಕಾಣುತ್ತವೆ. ಹೊಸ ಗೀರು ಸುಮಾರು 16 ಮೈಕ್ರಾನ್ ಉದ್ದ. ಕಲ್ಲು 60ರಿಂದ 120 ಡಿಗ್ರಿಯ ನಡುವೆ ಕಾಲ ಕಳೆದರೆ ಅವು ಗಿಡ್ಡವಾಗುತ್ತವೆ, ಅದಕ್ಕಿಂತ ಬಿಸಿಯಾದರೆ ಅಳಿಸಿಯೇ ಹೋಗುತ್ತವೆ. ಹಾಗಾಗಿ ವಯಸ್ಸು ಹೇಳುವ ಗೀರಿನ ಎಣಿಕೆಗಿಂತ ಉದ್ದವನ್ನೇ ನಾನು ಹೆಚ್ಚು ನಂಬುತ್ತೇನೆ. ಎಲ್ಲವೂ ಉದ್ದ ಇದ್ದರೆ ಕಲ್ಲು ಬೇಗ ತಣಿದು ಹಾಗೇ ಉಳಿದಿದೆ. ಉದ್ದ-ಗಿಡ್ಡ ಬೆರೆತಿದ್ದರೆ ನಿಧಾನವಾಗಿ ತಣಿದಿದೆ, ಇಲ್ಲವೇ ನಡುವೆ ಮತ್ತೆ ಬಿಸಿಯಾಗಿದೆ. ಗೋವಾದ ಈಶಾನ್ಯ ಮೂಲೆಯಲ್ಲಿ ಸುಮಾರು 6.6 ಕೋಟಿ ವರ್ಷ ಹಳೆಯ ಡೆಕ್ಕನ್ ಲಾವಾ ಇದೆಯಲ್ವಾ, ಅದು ಇಲ್ಲಿಯವರೆಗೂ ಹರಡಿ ಈ ಕಲ್ಲನ್ನು ಮುಚ್ಚಿ ಬಿಸಿ ಮಾಡಿತ್ತಾ ಅನ್ನುವ ಅನುಮಾನ ಇರುವವರಿಗೆ ಈ ಗೀರುಗಳೇ ಮೊದಲ ಸಾಕ್ಷಿ.

ಕೊನೆಗೆ ಈ ಅಳತೆಗಳನ್ನೆಲ್ಲ ಹಾಕಿದರೆ ಕಂಪ್ಯೂಟರು ಒಂದೇ ಗೆರೆ ಕೊಡುವುದಿಲ್ಲ. ಅಳತೆಗೆ ಹೊಂದುವ, ಕಲ್ಲು ತಣಿದಿರಬಹುದಾದ ನೂರಾರು ದಾರಿಗಳನ್ನು ಎಳೆಯುತ್ತದೆ. ಅದರಲ್ಲಿ ದಪ್ಪ ಗೆರೆ ಒಂದನ್ನೇ ಸ್ಲೈಡಿಗೆ ಹಾಕುವವರಿದ್ದಾರೆ. ನಾನು ಆ ಎಲ್ಲ ಗೆರೆಗಳನ್ನೂ ಹಾಕುತ್ತೇನೆ, ನೋಡುವವರಿಗೆ ಕಿರಿಕಿರಿ ಆದರೂ ಪರವಾಗಿಲ್ಲ.